ತಪ್ಪೇ ಇಲ್ಲದ ತಕರಾರು

ನಮ್ಮ ಮಾವನವರು ಬದುಕಿದ್ದಾಗ ಕಳಸದ ಕಡೆ ಇದ್ದ ನಮ್ಮ ತುಂಡು ತೋಟದ ಪಕ್ಕದವರ ಮೇಲೆ ಒಂದು ಪಂಚಾಯಿತಿ ಹೂಡಿದ್ದರು. ಪಕ್ಕದವರು ತಮ್ಮ ಬೇಲಿಯೊಳಗಿನ ಆರು ಸಿಲ್ವರ್ ಮರಗಳನ್ನು ಕಡಿಸಿ ಮಾರಿದ್ದರು. ಮರ ಅವರದ್ದು, ನೆಲ ಅವರದ್ದು, ಬೇಲಿಯ ಒಂದು ಗೂಟವೂ ಅಲುಗಿರಲಿಲ್ಲ. ಆದರೆ ಮಧ್ಯಾಹ್ನದ ಮೇಲೆ ಆ ಮರಗಳ ನೆರಳು ನಮ್ಮ ಎರಡು ಸಾಲು ಅರೇಬಿಕಾ ಗಿಡಗಳ ಮೇಲೆ ಬೀಳುತ್ತಿತ್ತು. ಮರ ಹೋದ ಮೇಲೆ ಮಾರ್ಚ್ ತಿಂಗಳ ಬಿಸಿಲಿಗೆ ಎಲೆ ಸುಟ್ಟು, ಎರಡು ಸಾಲೂ ಬಡವಾದವು. ಮಾವನವರಿಗೆ ಕೆಂಡದಂಥ ಸಿಟ್ಟು.

ಊರ ಹಿರಿಯರು ನಮ್ಮ ಜಗುಲಿಯಲ್ಲೇ ಕೂತು ಕೇಳಿದರು. "ಗೌಡ್ರೆ, ಅವ್ರು ನಿಮ್ಮ ಮರ ಕಡಿದ್ರಾ?" ಇಲ್ಲ. "ಬೇಲಿ ಒತ್ತಿದ್ರಾ?" ಇಲ್ಲ. "ಕಡಿಯಲ್ಲ ಅಂತ ಯಾವತ್ತಾದ್ರೂ ಮಾತು ಕೊಟ್ಟಿದ್ರಾ?" ಅದೂ ಇಲ್ಲ. "ಹಾಗಾದ್ರೆ ನಿಮ್ಮ ತಕರಾರು ಎಂಥದು?" ಮಾವನವರು ಗಂಭೀರವಾಗಿಯೇ ಹೇಳಿದರು: "ನಾನು ಆ ನೆರಳು ನಂಬ್ಕೊಂಡು ಗಿಡ ಇಟ್ಟಿದ್ದೆ." ಒಳಗೆ ಕಾಫಿ ಸೋಸುತ್ತಿದ್ದ ನಾನೂ ನಮ್ಮತ್ತೆಯೂ ಸೆರಗು ಬಾಯಿಗೆ ಹಿಡಿದು ನಕ್ಕೆವು. ಹಿರಿಯರೂ ನಕ್ಕರು. ಕಾಫಿ ಕುಡಿದು ಎದ್ದು ಹೋದರು. ಮುಂದಿನ ಮಳೆಗಾಲಕ್ಕೆ ಮಾವನವರು ತಾವೇ ಹಾಲುವಾಣದ ಗೂಟ ನೆಡಿಸಿದರು.

ಈಗ ನಾನು ನಗುವುದಿಲ್ಲ. ಏಕೆಂದರೆ ಇದೇ ತಕರಾರು, ಇದೇ ಮಾತಿನಲ್ಲಿ, ಜಿನೀವಾ ಎಂಬ ಊರಿನಲ್ಲಿ ಮೂವತ್ತು ವರ್ಷಗಳಿಂದ ಕುದಿಯುತ್ತಾ ಇದೆ. ಅಲ್ಲಿ ಮಾವನವರ ಜಾಗದಲ್ಲಿ ಕೂತಿರುವುದು ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್. ಪಕ್ಕದ ತೋಟದವರ ಜಾಗದಲ್ಲಿ ನಾವು. ಅಲ್ಲಿ ಯಾರೂ ನಗುತ್ತಲೂ ಇಲ್ಲ.

ವಿಷಯ ಒಣ ಅನ್ನಿಸಬಹುದು. ಬೌದ್ಧಿಕ ಆಸ್ತಿ, ವ್ಯಾಪಾರ ಒಪ್ಪಂದ ಅಂದ ಕೂಡಲೇ ಪತ್ರಿಕೆಯ ಪುಟ ಮಗುಚಿ ಅಡುಗೆ ಪುಟಕ್ಕೆ ಹೋಗುವವಳೇ ನಾನೂ. ನಾನು ಕಾಲೇಜಿನಲ್ಲಿದ್ದಾಗ ಡಂಕೆಲ್ ಡಂಕೆಲ್ ಎಂದು ಗೋಡೆಗೋಡೆಯ ಮೇಲೆ ಬರೆದಿರುತ್ತಿದ್ದರು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನಲ್ಲಿ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟಾಗ ಹಾಸ್ಟೆಲಿನಲ್ಲಿ ನಾವೆಲ್ಲ ಅದು ಗಂಡಸರ ಗಲಾಟೆ ಎಂದುಕೊಂಡಿದ್ದೆವು. ಪ್ರೊಫೆಸರ್ ನಂಜುಂಡಸ್ವಾಮಿಯವರು ಬೀಜದ ಬಗ್ಗೆ ಅಷ್ಟು ಹೇಳುತ್ತಿದ್ದರೂ, ಅದು ಒಂದು ದಿನ ನಮ್ಮ ಮನೆಯ ಔಷಧಿ ಡಬ್ಬಿಯೊಳಗೂ ಬಂದು ಕೂರುತ್ತದೆ ಎಂದು ಹೊಳೆದಿರಲಿಲ್ಲ.

ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದ್ದು 1995ರ ಜನವರಿ 1ರಂದು. ಅದರ ಬೆನ್ನಿಗೇ ಬಂದದ್ದು ಟ್ರಿಪ್ಸ್. ಪೇಟೆಂಟು, ಟ್ರೇಡ್‌ಮಾರ್ಕು, ಕಾಪಿರೈಟು, ಊರಿನ ಹೆಸರು ಹೊತ್ತ ಸರಕು, ಇವಕ್ಕೆಲ್ಲ ಲೋಕದಾದ್ಯಂತ ಇಷ್ಟಾದರೂ ರಕ್ಷಣೆ ಇರಬೇಕು ಎನ್ನುವ ಕಟ್ಟಳೆ ಅದು. ಒಬ್ಬರು ಕಟ್ಟಳೆ ಮುರಿದರೆ ಇನ್ನೊಬ್ಬರು ದೂರು ಕೊಡಬಹುದು. ಕೊಡಲಿ, ಅದು ನ್ಯಾಯ. ಮಾತು ಕೊಟ್ಟ ಮೇಲೆ ನಡೆಸಬೇಕು. ಆದರೆ ಹಳೆಯ ಗ್ಯಾಟ್ ಒಪ್ಪಂದದ 23ನೆಯ ವಿಧಿಯಲ್ಲಿ ಇನ್ನೊಂದು ಬಗೆಯ ದೂರಿದೆ. ನೀವು ಯಾವ ಕಟ್ಟಳೆಯನ್ನೂ ಮುರಿದಿಲ್ಲ, ಒಪ್ಪಿದೆ. ಆದರೂ ನೀವು ಮಾಡಿದ ಕೆಲಸದಿಂದ ಈ ಒಪ್ಪಂದದಲ್ಲಿ ನನಗೆ ಸಿಗುತ್ತದೆ ಅಂತ ನಂಬಿದ್ದ ಲಾಭ ತಪ್ಪಿತು, ತುಂಬಿಕೊಡಿ! ಉಲ್ಲಂಘನೆಯಿಲ್ಲದ ದೂರು ಎಂದು ಇದಕ್ಕೆ ಹೆಸರು. ನಾನು ನೆರಳಿನ ದೂರು ಅಂತಲೇ ಕರೆಯುತ್ತೇನೆ. ಟ್ರಿಪ್ಸಿಗೂ ಈ ನೆರಳಿನ ದೂರು ಅನ್ವಯಿಸಬೇಕೇ ಬೇಡವೇ ಎಂಬುದೇ ಜಗಳ.

ನ್ಯಾಯವಾಗಿ ಹೇಳಬೇಕೆಂದರೆ ಈ ದೂರು ಹುಟ್ಟಿದ್ದು ಕೆಟ್ಟ ಬುದ್ಧಿಯಿಂದಲ್ಲ. 1950ರ ಒಂದು ಪ್ರಕರಣ ಓದಿ ನನಗೇ ಚಿಲಿ ದೇಶದ ಮೇಲೆ ಕನಿಕರ ಬಂತು. ಆಸ್ಟ್ರೇಲಿಯಾ ಯುದ್ಧಕಾಲದಿಂದ ಎರಡು ಗೊಬ್ಬರಕ್ಕೆ ಸಹಾಯಧನ ಕೊಡುತ್ತಿತ್ತು. ಒಂದು ಚಿಲಿಯಿಂದ ಬರುವ ಸೋಡಿಯಂ ನೈಟ್ರೇಟ್, ಇನ್ನೊಂದು ನಮ್ಮ ತೋಟದವರಿಗೆಲ್ಲ ಗೊತ್ತಿರುವ ಅಮೋನಿಯಂ ಸಲ್ಫೇಟ್. 1947ರಲ್ಲಿ ಚಿಲಿಯ ಗೊಬ್ಬರಕ್ಕೆ ಸುಂಕ ಹಾಕುವುದಿಲ್ಲ ಎಂದು ಒಪ್ಪಿ, 1949ರಲ್ಲಿ ಅದೊಂದರ ಸಹಾಯಧನವನ್ನು ಮಾತ್ರ ನಿಲ್ಲಿಸಿತು. ಸುಂಕ ಹಾಕಲಿಲ್ಲ, ಮಾತು ಮುರಿಯಲಿಲ್ಲ, ಆದರೆ ಚಿಲಿಯ ಗೊಬ್ಬರ ಕೊಳ್ಳುವವರು ದೂರವಾಗುವಂತೆ ಮಾಡಿತು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ. ಚಿಲಿಯ ಪರವಾಗಿಯೇ ಅಭಿಪ್ರಾಯ ಬಂತು. ಸರಿಯೇ ಆಯಿತು.

ಅಲ್ಲಿ ಇದ್ದದ್ದು ಕೊಡುಕೊಳ್ಳುವ ವ್ಯವಹಾರ. ನೀನು ಇಷ್ಟು ಸುಂಕ ಇಳಿಸು, ನಾನು ಇಷ್ಟು ಇಳಿಸುತ್ತೇನೆ. ತಕ್ಕಡಿ ಎದುರಿಗಿತ್ತು, ಕದ್ದ ತೂಕ ಕಣ್ಣಿಗೆ ಕಾಣುತ್ತಿತ್ತು. ಹಾಗಿದ್ದೂ ಇಂಥ ದೂರು ಗೆದ್ದದ್ದು ಬೆರಳೆಣಿಕೆಯಷ್ಟು ಸಲ. ನಮ್ಮ ಮದುವೆ ಫೋಟೋಗಳ ಕಾಲದಲ್ಲಿ ಅಂಗಡಿಗೆ ಹೋದರೆ ಹಳದಿ ಡಬ್ಬಿಯ ಕೊಡಕ್ ರೀಲಾ, ಹಸಿರು ಡಬ್ಬಿಯ ಫ್ಯೂಜಿಯಾ ಎಂದು ಕೇಳುತ್ತಿದ್ದರಲ್ಲ, ಆ ರೀಲಿನ ಜಗಳವೂ ಅಲ್ಲಿಗೆ ಹೋಗಿತ್ತು. ಜಪಾನಿನ ಸರ್ಕಾರದ ಕ್ರಮಗಳಿಂದ ತನ್ನ ಕೊಡಕ್ಕಿಗೆ ಅಲ್ಲಿ ಮಾರುಕಟ್ಟೆ ಸಿಗಲಿಲ್ಲ ಎಂದು ಅಮೆರಿಕ ನೆರಳಿನ ದೂರು ಕೊಟ್ಟಿತು. 1998ರಲ್ಲಿ ಅದು ಬಿದ್ದುಹೋಯಿತು.

ಪೇಟೆಂಟಿನ ಒಪ್ಪಂದದಲ್ಲಿ ಅಂಥ ತಕ್ಕಡಿ ಎಲ್ಲಿದೆ? ಇಪ್ಪತ್ತು ವರ್ಷ ಪೇಟೆಂಟ್ ಕೊಡಿ ಎಂದರು, ಕೊಟ್ಟೆವು. ಕೊಟ್ಟಿದ್ದು ಬೇರೆಯವರು ಕದ್ದು ಮಾಡದಂತೆ ತಡೆಯುವ ಹಕ್ಕು. ಇಷ್ಟು ಲಾಭ ಬರುತ್ತದೆ ಎಂಬ ಖಾತ್ರಿಯನ್ನು ಯಾರೂ ಯಾರಿಗೂ ಕೊಟ್ಟಿಲ್ಲ. ಕೊಟ್ಟಿದ್ದರೆ ಮೊದಲು ನಮ್ಮ ಕಾಫಿಗೆ ಕೊಡಬೇಕಿತ್ತು! ಹೂಮಳೆ ಒಂದು ವಾರ ತಡವಾದರೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗುವ ನಮಗೆ, ನಂಬಿದ್ದು ಸಿಗಲಿಲ್ಲ ಎಂದು ದೂರು ಕೊಡಲು ಯಾವ ಜಿನೀವಾ ಇದೆ?

ನಂಬಿಕೆಯ ಈ ಮಾತು ನಮ್ಮ ದೇಶದ ಮೇಲೆ ಆಗಲೇ ಒಂದು ಸಲ ಪ್ರಯೋಗವಾಗಿದೆ. ಟ್ರಿಪ್ಸಿಗೆ ಸಹಿ ಮಾಡಿದಾಗ ಔಷಧಿಗಳಿಗೆ ಪೂರ್ತಿ ಪೇಟೆಂಟ್ ಕೊಡಲು ನಮಗೆ 2005ರವರೆಗೆ ಸಮಯವಿತ್ತು. ಅಲ್ಲಿಯವರೆಗೆ ಅರ್ಜಿಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಇಟ್ಟುಕೊಂಡಿರಬೇಕು ಎಂಬ ಷರತ್ತಿತ್ತು. ಸಂಸತ್ತಿನಲ್ಲಿ ಕಾನೂನು ಆಗದೆ, ಬರೀ ಕಚೇರಿ ಆದೇಶದ ಮೇಲೆ ಆ ಪೆಟ್ಟಿಗೆ ನಡೆಯುತ್ತಿತ್ತು. 1996ರಲ್ಲಿ ಅಮೆರಿಕ ದೂರು ಕೊಟ್ಟಿತು. ಮೊದಲ ಹಂತದ ತೀರ್ಪುಗಾರರು, ಪೇಟೆಂಟ್ ಒಡೆಯರ ನ್ಯಾಯಯುತ ನಿರೀಕ್ಷೆಗಳನ್ನೂ ನೋಡಬೇಕು ಎಂದುಬಿಟ್ಟರು. 1997ರ ಡಿಸೆಂಬರಿನಲ್ಲಿ ಮೇಲ್ಮನವಿ ಮಂಡಳಿ ಆ ಮಾತನ್ನು ತೆಗೆದುಹಾಕಿತು. ನಿರೀಕ್ಷೆಯ ಮಾತು ನೆರಳಿನ ದೂರಿಗೆ ಸೇರಿದ್ದು, ಆ ದೂರಿಗೆ ಟ್ರಿಪ್ಸಿನಲ್ಲಿ ಸದ್ಯ ಜಾಗವಿಲ್ಲ, ಎರಡನ್ನೂ ಕಲಸಬೇಡಿ ಎಂದಿತು. ಆದರೂ ನಾವು ಸೋತೆವು. ನಮ್ಮ ಪೆಟ್ಟಿಗೆಗೆ ಸರಿಯಾದ ಕಾನೂನಿನ ಬೀಗ ಇರಲಿಲ್ಲ, ಆ ಮಟ್ಟಿಗೆ ತಪ್ಪು ನಮ್ಮದೇ. 1999ರಲ್ಲಿ ಪೇಟೆಂಟ್ ಕಾಯಿದೆ ತಿದ್ದಿದೆವು. ಸೋತ ಪ್ರಕರಣವನ್ನು ಇಷ್ಟು ಉದ್ದಕ್ಕೆ ಹೇಳಿದ್ದೇಕೆಂದರೆ, ಅಂದು ಆ ಬಾಗಿಲು ಮುಚ್ಚಿದ್ದರಿಂದ ನಾವು ಸೋತಿದ್ದು ನಮ್ಮ ತಪ್ಪಿಗೆ ಮಾತ್ರ. ಬಾಗಿಲು ತೆರೆದಿದ್ದರೆ ನಮ್ಮ ಸರಿಗೂ ಸೋಲುತ್ತಿದ್ದೆವು.

ಇನ್ನು ಮನೆಯ ಮಾತು. 2016ರಲ್ಲಿ ನನ್ನ ಅಣ್ಣನಿಗೆ ಎದೆ ನೋವು ಬಂತು. ನಮ್ಮ ಕಡೆಯವರೆಲ್ಲ ಮಾಡುವಂತೆ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಘಾಟಿ ಇಳಿದೆವು. ಆಸ್ಪತ್ರೆಯ ಹೆಸರು ಬೇಡ. ಅತ್ತಿಗೆಯನ್ನು ಒಂದು ಗಾಜಿನ ಕೋಣೆಗೆ ಕರೆದು, ರಕ್ತನಾಳದೊಳಗೆ ಇಡುವ ಸ್ಟೆಂಟಿನ ಮೂರು ಬಗೆ ಹೇಳಿದರು. ಸೀರೆ ಅಂಗಡಿಯಲ್ಲಿ ಮೂರು ರೇಷ್ಮೆ ಹರವಿ, ಕೊನೆಯದನ್ನು ಒಳ್ಳೆಯದು ಎಂದು ತಳ್ಳುವುದಿಲ್ಲವೇ, ಹಾಗೆ. ಗಂಡ ಒಳಗೆ ಮಲಗಿರುವಾಗ ಅಗ್ಗದ್ದು ಕೊಡಿ ಎಂದು ಯಾವ ಹೆಂಡತಿಯ ಬಾಯಲ್ಲಿ ಬಂದೀತು? ಒಂದು ಸ್ಟೆಂಟಿಗೆ ಲಕ್ಷದ ಮೇಲೆ ಕೊಟ್ಟರು. ಆ ವರ್ಷದ ಕಾಳುಮೆಣಸು ಪೂರ್ತಿ ಅಲ್ಲಿಗೇ ಹೋಯಿತು. ಅತ್ತಿಗೆಯ ಎರಡು ಬಳೆಯೂ ಹೋದವು, ಅದನ್ನು ಆಕೆ ನಮಗೆ ಹೇಳಿದ್ದು ಎರಡು ವರ್ಷ ಬಿಟ್ಟು.

2017ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಬೆಲೆ ಕಟ್ಟಿತು. ಔಷಧಿ ಲೇಪದ್ದಕ್ಕೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ತೆರಿಗೆ ಬೇರೆ. ಅದೇ ವರ್ಷ ಮಳೆಗಾಲದಲ್ಲಿ ನಮ್ಮ ಭಾವನವರಿಗೂ ಸ್ಟೆಂಟ್ ಹಾಕಬೇಕಾಯಿತು. ಬಿಲ್ಲು ನೋಡಿ ಅತ್ತಿಗೆ ಏನೂ ಮಾತಾಡಲಿಲ್ಲ, ಮೊಣಕೈ ತನಕ ಕೈ ಸವರಿಕೊಂಡರು. ಬಳೆ ನೆನಪಾಗಿರಬೇಕು.

ಈಗ ನೀವೇ ಹೇಳಿ, ಬೆಲೆ ಕಟ್ಟಿದ್ದು ಯಾವ ಒಪ್ಪಂದದ ಯಾವ ಕಟ್ಟಳೆಗೆ ವಿರುದ್ಧ? ಟ್ರಿಪ್ಸಿನಲ್ಲಿ ಬೆಲೆ ಕಟ್ಟಬಾರದು ಎಂಬ ಒಂದು ಸಾಲೂ ಇಲ್ಲ. ಆದರೂ ಅಮೆರಿಕದ ಉಪಕರಣ ಕಂಪನಿಗಳು ತಮ್ಮ ಸರ್ಕಾರದ ಮುಂದೆ ಹೋಗಿ ಭಾರತದಲ್ಲಿ ನಮಗೆ ಸಿಗಬೇಕಾದ ಮಾರುಕಟ್ಟೆ ಸಿಗುತ್ತಿಲ್ಲ ಎಂದವು. ಹಾಲಿನ ಕಂಪನಿಗಳೂ ಅದೇ ರಾಗ ಹಾಡಿದವು. ವಿಚಾರಣೆ ನಡೆದು, 2019ರ ಜೂನ್ 5ರಂದು ಅಮೆರಿಕ ನಮ್ಮ ಸರಕುಗಳಿಗೆ ಕೊಡುತ್ತಿದ್ದ ಸುಂಕದ ರಿಯಾಯಿತಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಅದು ಅವರ ಮನೆಯ ರಿಯಾಯಿತಿ, ಕೊಡುವುದೂ ಬಿಡುವುದೂ ಅವರ ಇಷ್ಟ. ಆದರೆ ನೆರಳಿನ ದೂರಿಗೆ ಟ್ರಿಪ್ಸಿನಲ್ಲಿ ಬಾಗಿಲು ತೆರೆದರೆ ಇದೇ ಮುನಿಸಿಗೆ ಲೋಕದ ಕಾನೂನಿನ ಮುದ್ರೆ ಬೀಳುತ್ತದೆ. ನೀವು ಬೆಲೆ ಕಟ್ಟಿದಿರಿ, ನಮ್ಮ ಪೇಟೆಂಟಿನಿಂದ ನಿರೀಕ್ಷಿಸಿದ್ದ ಲಾಭ ಹೋಯಿತು, ಕೊಡಿ.

ನನ್ನ ತವರಿನ ತೋಟದ ರೈಟರ ಹೆಂಡತಿಗೆ ಒಂದು ಬಗೆಯ ರಕ್ತದ ಕ್ಯಾನ್ಸರ್. ದಿನಾ ಒಂದು ಮಾತ್ರೆ ನುಂಗುತ್ತಾಳೆ, ಕಣದಲ್ಲಿ ಕಾಫಿ ಹರಡುತ್ತಾಳೆ, ಮೊಮ್ಮಗನನ್ನು ಬೈಯುತ್ತಾಳೆ. ಆ ಮಾತ್ರೆಯ ಕಂಪನಿ ಹೆಸರಿನದು ಗ್ಲಿವೆಕ್, ಒಂದು ಕಾಲಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ನಮ್ಮ ದೇಶದ ಕಂಪನಿಗಳದು ಎಂಟು ಹತ್ತು ಸಾವಿರ. ಇದು ಹೇಗೆ ಸಾಧ್ಯವಾಯಿತೆಂದರೆ, 2005ರಲ್ಲಿ ಪೇಟೆಂಟ್ ಕಾಯಿದೆ ತಿದ್ದುವಾಗ ನಮ್ಮ ಸಂಸತ್ತು 3(ಡಿ) ಎಂಬ ಒಂದು ಕಲಮನ್ನು ಸೇರಿಸಿತು. ಹಳೆಯ ಔಷಧಿಗೆ ಹೊಸ ರೂಪ ಕೊಟ್ಟರೆ ಸಾಲದು, ಗುಣವೂ ಹೆಚ್ಚಿರಬೇಕು, ಆಗಷ್ಟೇ ಪೇಟೆಂಟ್ ಎಂದಿತು. ನೊವಾರ್ಟಿಸ್ ಕಂಪನಿ ಆ ಕಲಮನ್ನೇ ಪ್ರಶ್ನಿಸಿ ಮದ್ರಾಸ್ ಹೈಕೋರ್ಟಿಗೆ ಹೋಗಿ 2007ರಲ್ಲಿ ಸೋತಿತು. ತನ್ನ ಅರ್ಜಿಯ ಮೇಲಿನ ಜಗಳವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು 2013ರ ಏಪ್ರಿಲ್ 1ರಂದು ಅಲ್ಲಿಯೂ ಸೋತಿತು. 2012ರಲ್ಲಿ ಇನ್ನೊಂದು ಕ್ಯಾನ್ಸರ್ ಔಷಧಿಗೆ, ನೆಕ್ಸಾವರ್ ಎಂಬುದಕ್ಕೆ, ನಮ್ಮ ಪೇಟೆಂಟ್ ಕಚೇರಿ ಕಡ್ಡಾಯ ಪರವಾನಗಿ ಕೊಟ್ಟಿತು. ತಿಂಗಳಿಗೆ 2,80,000 ರೂಪಾಯಿ ದಾಟಿದ್ದು ಒಂಬತ್ತು ಸಾವಿರದೊಳಗೆ ಬಂತು. ಇವೆಲ್ಲ ಟ್ರಿಪ್ಸೇ ಬಿಟ್ಟುಕೊಟ್ಟ ಜಾಗದಲ್ಲಿ ನಾವು ಮಾಡಿದ ಕೆಲಸ. 2001ರಲ್ಲಿ ದೋಹಾದಲ್ಲಿ ಎಲ್ಲ ದೇಶಗಳೂ ಕೂಡಿ, ಜನರ ಆರೋಗ್ಯ ಕಾಪಾಡಲು ಈ ಜಾಗವನ್ನು ಪೂರ್ತಿ ಬಳಸಿಕೊಳ್ಳಿ ಎಂದು ಘೋಷಿಸಿಯೂ ಆಗಿದೆ. ಬೇಲಿಯೊಳಗಿನ ಜಾಗ ನಿಮ್ಮದು ಎಂದು ಬರೆದುಕೊಟ್ಟು, ಅಲ್ಲಿ ಮರ ಕಡಿದರೆ ದಂಡ ಎನ್ನುವುದು ಯಾವ ಸೀಮೆ ನ್ಯಾಯ?

ಔಷಧಿ ಮಾತ್ರವೂ ಅಲ್ಲ. ಸಿಗರೇಟು ಪೊಟ್ಟಣದ ಶೇಕಡಾ 85 ಭಾಗ ಎಚ್ಚರಿಕೆಯ ಚಿತ್ರವಿರಬೇಕೆಂದು ನಮ್ಮ ಸರ್ಕಾರ 2016ರಲ್ಲಿ ಜಾರಿ ಮಾಡಿತು. ನಮ್ಮ ಕರ್ನಾಟಕ ಹೈಕೋರ್ಟು 2017ರ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿದರೂ ಮರು ತಿಂಗಳೇ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಪೊಟ್ಟಣದ ಮೇಲೆ ತನ್ನ ಗುರುತು ದೊಡ್ಡದಾಗಿ ಕಾಣುತ್ತದೆ ಎಂದು ನಂಬಿದ್ದ ಕಂಪನಿಗೂ ನೆರಳಿನ ದೂರು ಸಿಕ್ಕರೆ? ಆಸ್ಟ್ರೇಲಿಯಾ ಪೊಟ್ಟಣದಿಂದ ಬಣ್ಣ, ಗುರುತು ಎಲ್ಲ ತೆಗೆಸಿದ್ದಕ್ಕೆ ಹಲವು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟು, 2020ರಲ್ಲಿ ಅಂತಿಮವಾಗಿ ಸೋತವು. ಅವು ಕಟ್ಟಳೆ ಮುರಿದಿದ್ದೀರಿ ಎಂದು ವಾದಿಸಬೇಕಾಗಿತ್ತು, ಅದಕ್ಕೇ ಸೋತವು.

ಈಗ ನನ್ನ ಚಿಕ್ಕಪ್ಪನ ಮಗನ ಮಾತಿಗೆ ಬರುತ್ತೇನೆ. ಮೂಡಿಗೆರೆಯ ಹತ್ತಿರ ಅವನ ತೋಟ. ಓದಿದವನು, ಒಳ್ಳೆಯವನು, ಕೂಲಿಯವರ ಮಕ್ಕಳ ಫೀಸು ಕಟ್ಟುತ್ತಾನೆ. ಹೋದ ವರ್ಷ ಒಂದು ನಾಮಕರಣದ ಊಟದಲ್ಲಿ ಈ ವಿಷಯ ಎತ್ತಿದಾಗ ನನ್ನನ್ನು ಮಗುವಿನಂತೆ ಸಮಾಧಾನ ಮಾಡಿದ. "ಅಕ್ಕಾ, ನೀನು ಹಳೇ ಕಾಲದ ರೈತ ಸಂಘದ ಭಾಷಣ ಹೇಳ್ತಿದೀಯ. ಈಗ ನಮ್ದೂ ಬೌದ್ಧಿಕ ಆಸ್ತಿನೇ. ಜಿಐ ಬಂದಿದೆ. ಕಾನೂನು ಗಟ್ಟಿ ಆದಷ್ಟೂ ನಮ್ಗೇ ಲಾಭ."

ಅವನು ಹೇಳಿದ್ದು ಅರ್ಧ ನಿಜ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿತು. ಜೊತೆಗೆ ಕೊಡಗು ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಅರೇಬಿಕಾಗಳಿಗೂ. ಆ ದಿನ ನನಗೂ ಹೆಮ್ಮೆಯಾಯಿತು. ನಮ್ಮ ಗಿರಿಯ ಹೆಸರನ್ನು ಇನ್ಯಾವುದೋ ದೇಶದ ಬೀಜಕ್ಕೆ ಅಂಟಿಸಿ ಮಾರುವುದು ಕಳ್ಳತನವೇ. ಅದರ ಮೇಲೆ ದೂರು ಕೊಡಬೇಕು, ನಾನೂ ಸಹಿ ಹಾಕುತ್ತೇನೆ.

ಆದರೆ ಅದಕ್ಕೆ ನೆರಳಿನ ದೂರು ಯಾಕಪ್ಪಾ ಬೇಕು? ಕದ್ದವನು ಕಟ್ಟಳೆ ಮುರಿದಿದ್ದಾನೆ, ನೇರ ದೂರೇ ಇದೆ. ನಮ್ಮ ಕಾಫಿಗೆ ನಿಜವಾಗಿ ಆಗಿರುವ ಅನ್ಯಾಯ ಬೇರೆಯದು, ಅದು ಟ್ರಿಪ್ಸಿನ ಅಕ್ಷರದಲ್ಲೇ ಇದೆ. ವೈನು, ಬ್ರಾಂದಿ, ವಿಸ್ಕಿಯಂಥವಕ್ಕೆ 23ನೆಯ ವಿಧಿಯಲ್ಲಿ ಒಂದು ವಿಶೇಷ ರಕ್ಷಣೆ ಕೊಟ್ಟಿದ್ದಾರೆ. ಫ್ರಾನ್ಸಿನ ಶಾಂಪೇನ್ ಹೆಸರನ್ನು ಇನ್ನೊಬ್ಬರು 'ಶಾಂಪೇನ್ ಮಾದರಿ' ಎಂದು ಬರೆದೂ ಮಾರುವ ಹಾಗಿಲ್ಲ. ಕಾಫಿ, ಚಹಾ, ಅಕ್ಕಿ, ಸೀರೆಗೆ ಅಷ್ಟು ಭಾಗ್ಯವಿಲ್ಲ. ಜನ ಮೋಸ ಹೋಗುತ್ತಾರೆ ಎಂದು ನಾವೇ ರುಜುವಾತು ಮಾಡಬೇಕು. ಕುಡಿತಕ್ಕೆ ಒಂದು ನ್ಯಾಯ, ಕಾಫಿಗೆ ಒಂದು ನ್ಯಾಯ! ಈ ಭೇದ ತೆಗೆಯಿರಿ ಎಂದು ಭಾರತ ವರ್ಷಗಳಿಂದ ಕೇಳುತ್ತಾ ಬಂದಿದೆ. ನೆರಳಿನ ದೂರಿನಿಂದ ಈ ಭೇದ ಒಂದು ಕೂದಲೆಳೆಯಷ್ಟೂ ಕಮ್ಮಿಯಾಗುವುದಿಲ್ಲ, ಏಕೆಂದರೆ ಅಂಥ ದೂರಿನಲ್ಲಿ ಗೆದ್ದರೂ ಎದುರಿನವರು ತಮ್ಮ ಕ್ರಮವನ್ನು ಹಿಂತೆಗೆಯಬೇಕೆಂದೇನೂ ಇಲ್ಲ. ಏನಾದರೂ ಕೊಟ್ಟು ಸರಿಹೊಂದಿಸಿಕೊಳ್ಳಬೇಕು ಅಷ್ಟೆ. ಕೊಟ್ಟು ಸರಿಹೊಂದಿಸುವ ಶಕ್ತಿ ಯಾರಿಗಿರುತ್ತದೆ? ದುಡ್ಡಿದ್ದವರಿಗೆ.

ಇಥಿಯೋಪಿಯಾ ತನ್ನ ಸಿದಾಮೊ, ಹರಾರ್, ಯಿರ್ಗಾಚೆಫೆ ಕಾಫಿ ಹೆಸರುಗಳಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿ ಸ್ಟಾರ್‌ಬಕ್ಸ್ ಕಂಪನಿಯ ಜೊತೆ ಜಟಾಪಟಿಗೆ ಬಿದ್ದು, 2007ರಲ್ಲಿ ಒಪ್ಪಂದ ಮಾಡಿಕೊಂಡಿತಲ್ಲ, ಅದು ಇದ್ದ ಕಾನೂನನ್ನೇ ಹಿಡಿದು, ಜನಾಭಿಪ್ರಾಯವನ್ನು ಬೆನ್ನಿಗಿಟ್ಟುಕೊಂಡು. ಚಿಕ್ಕಪ್ಪನ ಮಗ ಇದನ್ನು ಕೇಳಿ ಸುಮ್ಮನಾದ, ಆದರೆ ಒಪ್ಪಲಿಲ್ಲ. ಪಾಯಸ ಬಂತು.

ಅವನಿಗೆ ಆ ದಿನ ಹೇಳಲು ಮರೆತದ್ದು ಒಂದಿದೆ. 1911ರ ಸುಮಾರಿಗೆ ಮೈಸೂರು ಸೀಮೆಯ ಒಂದು ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರು ಎಲೆಯ ತುಕ್ಕುರೋಗ ತಡೆಯುವ ಗಿಡವನ್ನು ಗುರುತಿಸಿ ಬೀಜ ಮಾಡಿದ. ಕೆಂಟ್ಸ್ ಎಂಬ ಆ ತಳಿ ಆಫ್ರಿಕಾದವರೆಗೆ ಹೋಯಿತು. 1925ರಲ್ಲಿ ಶುರುವಾದ ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದೇ ಕೆಂಟ್ಸನ್ನು ಬಳಸಿ ಎಸ್.795 ಮಾಡಿತು. ಅದು ಇಂಡೋನೇಷ್ಯಾಕ್ಕೆ ಹೋಗಿ ಅಲ್ಲಿ ಜೆಂಬರ್ ಎಂಬ ಹೆಸರಲ್ಲಿ ಬೆಳೆಯುತ್ತಿದೆ. ನಿಮ್ಮ ತೋಟದಲ್ಲಿ ನಮ್ಮ ಬೀಜ ಹಣ್ಣು ಬಿಟ್ಟಿದೆ, ನಮಗೆ ಸಿಗಬೇಕಾದ ಲಾಭ ಎಲ್ಲಿ ಎಂದು ಯಾರೂ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಬಾಬಾ ಬುಡನ್ ಯೆಮೆನಿನಿಂದ ಏಳು ಬೀಜ ತಂದರೆಂದು ನಂಬುವ ಊರಿನವರು ನಾವು. ನಂಬಿದ ಲಾಭದ ಲೆಕ್ಕ ಶುರುವಾದರೆ ಮೊದಲ ನೋಟೀಸು ನಮಗೇ ಬರಬೇಕು!

ಈ ಬಾಗಿಲು ಹೇಗೆ ಮುಚ್ಚಿಕೊಂಡು ಬಂದಿತ್ತು ಎಂಬುದನ್ನು ಕೇಳಿದರೆ ಇನ್ನೂ ಬೇಸರವಾಗುತ್ತದೆ. ಟ್ರಿಪ್ಸಿನ 64ನೆಯ ವಿಧಿಯಲ್ಲೇ, ಮೊದಲ ಐದು ವರ್ಷ ನೆರಳಿನ ದೂರು ಬೇಡ, ಅಷ್ಟರಲ್ಲಿ ಕೂತು ಮಾತಾಡಿ ತೀರ್ಮಾನಿಸೋಣ ಎಂದು ಬರೆದರು. 1999ಕ್ಕೆ ಐದು ವರ್ಷ ಮುಗಿಯಿತು. ಆ ವರ್ಷ ಸಿಯಾಟಲ್ ಸಭೆ ಗಲಾಟೆಯಲ್ಲಿ ಮುರಿದುಬಿತ್ತು. ಅವಧಿ ಮುಗಿಯಿತು, ಇನ್ನು ದೂರು ಕೊಡಬಹುದು ಎಂದು ಅಮೆರಿಕ. ಇಲ್ಲ ಎಂದು ನಾವು. 2001ರಲ್ಲಿ ದೋಹಾದಲ್ಲಿ ಮುಂದೂಡಿದರು. ಆಮೇಲೆ 2005ರಲ್ಲಿ ಹಾಂಕಾಂಗ್, 2013ರಲ್ಲಿ ಬಾಲಿ, 2015ರಲ್ಲಿ ನೈರೋಬಿ, 2017ರಲ್ಲಿ ಬ್ಯೂನಸ್ ಐರಿಸ್, 2022ರಲ್ಲಿ ಜಿನೀವಾ, 2024ರಲ್ಲಿ ಅಬುಧಾಬಿ. ಪ್ರತಿ ಸಲವೂ ಮುಂದಿನ ಸಭೆಯವರೆಗೆ. ಕೈಸಾಲದ ಚೀಟಿ ವರ್ಷ ವರ್ಷ ಹೊಸದು ಬರೆಸುತ್ತಾರಲ್ಲ, ಹಾಗೆ. ಈ ದೂರು ಟ್ರಿಪ್ಸಿಗೆ ಸಲ್ಲದು ಎಂದು ಭಾರತ, ಬ್ರೆಜಿಲ್, ಕೀನ್ಯಾ, ಶ್ರೀಲಂಕಾ, ಪಾಕಿಸ್ತಾನ ಮುಂತಾದ ದೇಶಗಳು ಕೂಡಿ 2002ರಲ್ಲೇ ಲಿಖಿತವಾಗಿ ಕೊಟ್ಟಿವೆ. ಭಾರತ ಪಾಕಿಸ್ತಾನ ಒಂದೇ ಕಾಗದದಲ್ಲಿ ಇರುವುದೇ ಅಪರೂಪ, ಅಂಥ ಕಾಗದಕ್ಕೂ ಬೆಲೆಯಿಲ್ಲ.

ಮುಂದೂಡುವುದು ಪುಕ್ಕಟೆಯೂ ಅಲ್ಲ. ಕಂಪ್ಯೂಟರಿನ ತಂತಿಯ ಮೂಲಕ ಬರುವ ಸರಕಿಗೆ, ಸಿನಿಮಾ, ಹಾಡು, ಸಾಫ್ಟ್‌ವೇರಿಗೆ ಗಡಿ ಸುಂಕ ಹಾಕಬಾರದು ಎಂಬ ಇನ್ನೊಂದು ತಾತ್ಕಾಲಿಕ ನಿಯಮವಿತ್ತು, 1998ರದ್ದು. ಅದು ಅಮೆರಿಕಕ್ಕೆ ಬೇಕಿತ್ತು. ಅದನ್ನು ನೀವು ಮುಂದುವರಿಸಿ, ಇದನ್ನು ನಾವು ಮುಂದುವರಿಸುತ್ತೇವೆ ಎಂದು ಸಭೆ ಸಭೆಗೂ ಎರಡನ್ನೂ ಗಂಟು ಹಾಕಿಕೊಂಡೇ ಬಂದರು. ಹೆಣ್ಣಿನ ಕಡೆಯವರು ಮದುವೆ ಮಾತುಕತೆಯಲ್ಲಿ, ಬಂಗಾರ ಕಮ್ಮಿ ಮಾಡಿ ಎಂದು ಕೇಳಿಕೊಳ್ಳಲು ಹೋಗಿ ಛತ್ರದ ಖರ್ಚು ಪೂರ್ತಿ ಹೊತ್ತುಕೊಂಡು ಬರುವುದನ್ನು ನಾವು ನೋಡಿಲ್ಲವೇ? ಕೇಳಬಾರದ ಬಂಗಾರವನ್ನು ಕೇಳಿದ್ದೇ ತಪ್ಪು ಎಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಬರುವುದಿಲ್ಲ.

2019ರ ಡಿಸೆಂಬರಿನಿಂದ ಜಿನೀವಾದ ಮೇಲ್ಮನವಿ ಮಂಡಳಿಯೇ ಕೆಲಸ ನಿಲ್ಲಿಸಿದೆಯಲ್ಲ, ಇನ್ನು ಯಾವ ದೂರಿಗೆ ಯಾಕೆ ಹೆದರಬೇಕು ಎಂದು ಕೇಳುವವರಿದ್ದಾರೆ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇಕಡಾ 50ರವರೆಗೆ ಸುಂಕ ಹೇರಿದಾಗ ಯಾವ ದೂರಿನ ಹಂಗೂ ಬೇಕಾಗಲಿಲ್ಲ ಎಂದೂ ಹೇಳುತ್ತಾರೆ. ನಿಜ, ಗೂಳಿಗೆ ಬೇಲಿ ಲೆಕ್ಕವಿಲ್ಲ. ಹಾಗೆಂದು ನಾವೇ ತಡಮೆ ತೆಗೆದಿಡಬೇಕೇ? ಕೋರ್ಟು ಇಲ್ಲದಾಗಲೂ ಬರಹದಲ್ಲಿ ಇರುವ ಹಕ್ಕು ಬೆದರಿಸಲು ಸಾಕು. ನಮ್ಮ ಅಧಿಕಾರಿ ಒಂದು ಔಷಧಿಗೆ ಬೆಲೆ ಕಟ್ಟುವ ಕಡತಕ್ಕೆ ಸಹಿ ಹಾಕುವ ಮುಂಚೆ, ಇದರಿಂದ ದೂರು ಬಂದೀತೇ ಎಂದು ಪೆನ್ನು ಕೆಳಗಿಟ್ಟರೆ ಮುಗಿಯಿತು. ಆ ಕಡತ ನಿಂತ ದಿನ ಯಾವ ಪತ್ರಿಕೆಯಲ್ಲೂ ಸುದ್ದಿ ಬರುವುದಿಲ್ಲ. ಇನ್ನೊಂದು ಅಪಾಯ ತೋಟದವರಿಗೇ ಇದೆ. ಅಲ್ಲಿನ ನಿಯಮದಲ್ಲಿ ಒಂದು ವಿಷಯದ ವ್ಯಾಜ್ಯದ ಸೇಡನ್ನು ಇನ್ನೊಂದು ವಿಷಯದಲ್ಲಿ ತೀರಿಸಿಕೊಳ್ಳಲು ಅವಕಾಶವಿದೆ. ಮಾತ್ರೆಯ ವ್ಯಾಜ್ಯಕ್ಕೆ ಪರಿಹಾರ ಕುದುರದಿದ್ದರೆ ಬರೆ ಸೀರೆಗೋ, ಮೆಣಸಿಗೋ, ಕಾಫಿಗೋ ಬೀಳಬಹುದು. ನಮ್ಮ ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಹೊರದೇಶಕ್ಕೇ ಹೋಗುತ್ತದೆ, ಬೆಳೆಯುವುದರಲ್ಲಿ ಅಷ್ಟೇ ಪಾಲು ಕರ್ನಾಟಕದ್ದು. ರೈಟರ ಹೆಂಡತಿಯ ಮಾತ್ರೆ ಮತ್ತು ಅವಳು ಕಣದಲ್ಲಿ ಹರಡುವ ಕಾಫಿ, ಎರಡನ್ನೂ ಒಂದೇ ದಾರಕ್ಕೆ ಕಟ್ಟಿದ್ದಾರೆ.

ಮಾವನವರ ಪಂಚಾಯಿತಿಯ ವಿಷಯದಲ್ಲಿ ಒಂದು ಮಾತು ಬಾಕಿ ಇದೆ. ಪಕ್ಕದವರು ಆ ಆರು ಮರ ಯಾಕೆ ಕಡಿಸಿದರೆಂದು ಆ ದಿನ ಯಾರೂ ಕೇಳಲಿಲ್ಲ. ನಮ್ಮತ್ತೆಗೆ ಗೊತ್ತಿತ್ತು. ಅವರ ಮಗಳಿಗೆ ಹೆರಿಗೆ ಕಷ್ಟವಾಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು, ದುಡ್ಡು ಬೇಕಿತ್ತು. ಅತ್ತೆ ಒಳಗಿನಿಂದಲೇ, "ನೆರಳು ಹೋದ್ರೆ ಹೋಗ್ಲಿ, ಮಗು ಉಳೀತಲ್ಲ" ಎಂದಿದ್ದರು. ಗಂಡಸರಿಗೆ ಕೇಳಿಸಿತೋ ಇಲ್ಲವೋ.

ನಮ್ಮ ಊರಿನ ಮಹಿಳಾ ಸಮಾಜದಲ್ಲಿ ಕೂತು ನಾನೊಂದು ಕಾಗದ ಬರೆದೆ, ವಾಣಿಜ್ಯ ಮಂತ್ರಾಲಯಕ್ಕೆ, ಕನ್ನಡದಲ್ಲಿಯೇ. ಒಂದೇ ಬೇಡಿಕೆ. ಬೌದ್ಧಿಕ ಆಸ್ತಿಯ ಒಪ್ಪಂದದಲ್ಲಿ ತಪ್ಪಿಲ್ಲದ ದೂರಿಗೆ ಜಾಗವೇ ಇಲ್ಲ ಎಂದು ತಾರೀಖು ಹಾಕದೆ, ಶಾಶ್ವತವಾಗಿ ಬರೆಸಿ; ಬೇರೆ ದೇಶಗಳ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುವಾಗಲೂ ಇದು ಹಿಂಬಾಗಿಲಿನಿಂದ ಬರದಂತೆ ನೋಡಿಕೊಳ್ಳಿ, ಏಕೆಂದರೆ ಅಮೆರಿಕ ತಾನು ಮಾಡಿಕೊಂಡ ಹಲವು ಒಪ್ಪಂದಗಳಲ್ಲಿ ಇದನ್ನು ಸೇರಿಸಿಕೊಂಡಿದೆ. ಮೂವತ್ತೊಂದು ಜನ ಸಹಿ ಮಾಡಿದರು. ಚಿಕ್ಕಪ್ಪನ ಮಗನಿಗೆ ತೋರಿಸಿದೆ. ಎರಡು ಸಲ ಓದಿ, "ಇಂಗ್ಲಿಷಲ್ಲಿ ಬರಿ ಅಕ್ಕಾ, ಕನ್ನಡದಲ್ಲಿ ಬರೆದ್ರೆ ದಿಲ್ಲೀಲಿ ಯಾರು ಓದ್ತಾರೆ" ಎಂದು ಹಿಂದಕ್ಕೆ ಕೊಟ್ಟ. ಮೂವತ್ತೆರಡನೆಯ ಸಹಿ ಅವನ ಹೆಂಡತಿಯದು.